ದೈತ್ಯಪರ್ವತದ ಕಿರುಹೂವು

ಮಧ್ಯ ಯುರೋಪಿನಲ್ಲಿ ಚೆಕ್ ಗಣರಾಜ್ಯಕ್ಕೂ ಪೋಲೆಂಡಿಗೂ ನಡುವೆ ಗಡಿಗೋಡೆಯಂತೆ ನಿಂತಿರುವ ಒಂದು ಪರ್ವತಶ್ರೇಣಿಯಿದೆ. ಚೆಕ್ಕರು ಅದನ್ನು ಕ್ರ್ಕೊನೊಶೆ ಎನ್ನುತ್ತಾರೆ. ಪೋಲೆಂಡಿನವರು ಕಾರ್ಕೊನೊಷೆ ಎನ್ನುತ್ತಾರೆ. ಹಿಂದೆ ಶತಮಾನಗಳ ಕಾಲ ಅಲ್ಲಿ ನೆಲೆಸಿದ್ದ ಜರ್ಮನ್ ಭಾಷಿಕರು ಅದಕ್ಕೆ ಇಟ್ಟಿದ್ದ ಹೆಸರು ರೀಜೆನ್‌ಗೆಬಿರ್ಗೆ. ಆ ಮಾತಿಗೆ ದೈತ್ಯಪರ್ವತ ಎಂದು ಅರ್ಥ. ಈ ದೈತ್ಯಪರ್ವತದ ಅತ್ಯುನ್ನತ ಶಿಖರ ಸ್ನ್ಯೆಷ್ಕಾ. ಅದರ ಎತ್ತರ 1603 ಮೀಟರ್. ನೀಲಗಿರಿಯ ದೊಡ್ಡಬೆಟ್ಟದ ಎತ್ತರ 2637 ಮೀಟರ್ ಎಂಬುದನ್ನು ಬಲ್ಲವರಿಗೆ ‘ದೈತ್ಯ’ ಎಂಬ ವಿಶೇಷಣ ಸ್ವಲ್ಪ ಅತಿಯಾಯಿತೆಂದು ತೋರಬಹುದು. ಆದರೆ ಎತ್ತರದ ಲೆಕ್ಕ ಎಲ್ಲ ದೇಶಕ್ಕೂ ಒಂದೇ ಅಲ್ಲ. ದೊಡ್ಡಬೆಟ್ಟವು ಭೂಮಧ್ಯರೇಖೆಗೆ ಸಮೀಪದಲ್ಲಿದೆ. ಸ್ನ್ಯೆಷ್ಕಾ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶಕ್ಕೂ ಆಚೆ. ಅಲ್ಲಿ ಸುಮಾರು 1250 ಮೀಟರಿಗೇ ಕಾಡು ಮುಗಿಯುತ್ತದೆ. ಅದರ ಮೇಲೆ ಕುರುಚಲು ಪೈನ್ ಪೊದೆ, ಹುಲ್ಲು, ಕಲ್ಲು, ಗಾಳಿ, ವರ್ಷದಲ್ಲಿ ಅರ್ಧದಷ್ಟು ಕಾಲ ಹಿಮ. ಶಿಖರದಲ್ಲಿ ವರ್ಷದ ಸರಾಸರಿ ಉಷ್ಣತೆ ಸೊನ್ನೆಗೆ ಸಮೀಪ.

ಹಿಮ ಕರಗಿ ಜೂನ್ ತಿಂಗಳು ಬಂದಾಗ ಈ ನೆತ್ತಿಯ ಮೇಲೆ ಒಂದು ಹೂವು ಅರಳುತ್ತದೆ. ಗಿಡದ ಎತ್ತರ ಒಂದರಿಂದ ನಾಲ್ಕು ಸೆಂಟಿಮೀಟರ್. ಬೆರಳಿನ ಒಂದೆರಡು ಗೆಣ್ಣಿನಷ್ಟು. ಎಲೆಗಳು ನೆಲಕ್ಕೆ ಒತ್ತಿದಂತೆ ವರ್ತುಲವಾಗಿ ಹರಡಿರುತ್ತವೆ. ಎಲೆ ಬುಡದಲ್ಲಿ ಕಿರಿದಾಗಿ, ತುದಿಯಲ್ಲಿ ಅಗಲವಾಗಿ, ಬಡಗಿಯ ಬೆಣೆಯನ್ನು ಹೋಲುತ್ತದೆ. ತುದಿಯಲ್ಲಿ ಮಾತ್ರ ಗರಗಸದಂತಹ ಹಲ್ಲುಗಳಿವೆ. ಈ ಪುಟ್ಟ ವರ್ತುಲದ ನಡುವಿನಿಂದ ಸಾಮಾನ್ಯವಾಗಿ ಒಂದೇ ಒಂದು ಹೂವು, ಅಪರೂಪಕ್ಕೆ ಎರಡು, ಮೇಲೇಳುತ್ತದೆ. ಹೂವಿನ ಅಗಲ ಒಂದೂವರೆಯಿಂದ ಮೂರು ಸೆಂಟಿಮೀಟರ್. ಎಷ್ಟೋ ವೇಳೆ ಗಿಡದ ಎತ್ತರಕ್ಕಿಂತ ಹೂವಿನ ಅಗಲವೇ ಹೆಚ್ಚು. ಬಣ್ಣ ಗುಲಾಬಿ, ನಡುಗಂಟಲಲ್ಲಿ ಬಿಳುಪು. ದಳಗಳು ಐದೇ ಆದರೂ ಪ್ರತಿಯೊಂದು ದಳವೂ ನಡುವೆ ಆಳವಾಗಿ ಸೀಳಿ ಕವಲೊಡೆದಿರುವುದರಿಂದ ಮೊದಲ ನೋಟಕ್ಕೆ ಹತ್ತು ದಳಗಳಂತೆ ಕಾಣುತ್ತದೆ. ನಿಂತು ನೋಡುವವನಿಗೆ ಅದು ಹುಲ್ಲಿನಲ್ಲಿ ಬಿದ್ದ ಬಣ್ಣದ ಚುಕ್ಕೆ. ಹೂವಾಗಿ ನೋಡಬೇಕಾದರೆ ಮಂಡಿಯೂರಲೇಬೇಕು.

ವಿಜ್ಞಾನದಲ್ಲಿ ಇದರ ಹೆಸರು ಪ್ರಿಮುಲಾ ಮಿನಿಮಾ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಸಸ್ಯಜಾತಿಗಳ ಮಹಾಗ್ರಂಥದಲ್ಲಿ ಈ ಹೆಸರು ದಾಖಲಾಯಿತು. ಲ್ಯಾಟಿನ್ನಿನಲ್ಲಿ ‘ಪ್ರಿಮುಲಾ’ ಎಂದರೆ ‘ಮೊದಲಿನ ಪುಟ್ಟವಳು’. ಚಳಿಗಾಲ ಕಳೆದೊಡನೆ ಮೊದಲು ಅರಳುವವಳು ಎಂಬ ಭಾವ. ‘ಮಿನಿಮಾ’ ಎಂದರೆ ಅತಿ ಚಿಕ್ಕದು. ಇಂಗ್ಲಿಷಿನಲ್ಲಿ ಪ್ರಿಮ್‌ರೋಸ್ ಎಂದು ಕರೆಯುವ ಹೂಗಳ ಕುಲ ಇದು. ಗುಲಾಬಿಗೂ ಇದಕ್ಕೂ ಕುಲಸಂಬಂಧವೇನೂ ಇಲ್ಲ. ಜಗತ್ತಿನಲ್ಲಿ ಈ ಕುಲಕ್ಕೆ ಸೇರಿದ ಸುಮಾರು ಐದು ನೂರು ಜಾತಿಗಳಿವೆ. ಅವುಗಳಲ್ಲಿ ಬಹುಪಾಲಿನ ತವರು ಹಿಮಾಲಯ ಮತ್ತು ಅದಕ್ಕೆ ಅಂಟಿಕೊಂಡ ನೈಋತ್ಯ ಚೀನಾದ ಪರ್ವತಗಳು. ಯುರೋಪಿನ ಪರ್ವತಗಳಲ್ಲಿ ಮಾತ್ರ ಬೆಳೆಯುವ ಸುಮಾರು ಇಪ್ಪತ್ತೈದು ಜಾತಿಗಳ ಒಂದು ಶಾಖೆಯುಂಟು. ನಮ್ಮ ಕಿರುಹೂವು ಆ ಶಾಖೆಗೆ ಸೇರಿದುದು. ಪೂರ್ವ ಆಲ್ಪ್ಸ್, ಕಾರ್ಪೇಥಿಯನ್, ಬಲ್ಗೇರಿಯದ ಪರ್ವತಗಳು ಮತ್ತು ಈ ದೈತ್ಯಪರ್ವತ — ಇವು ಅದರ ನೆಲೆಗಳು. ಆಲ್ಪ್ಸ್‌ನಲ್ಲಿ ಅದು ಮೂರು ಸಾವಿರ ಮೀಟರ್ ಎತ್ತರದವರೆಗೂ ಏರುತ್ತದೆ.

ಇಷ್ಟು ಚಿಕ್ಕ ಗಿಡ ಅಷ್ಟು ಕಠಿಣವಾದ ಸ್ಥಳದಲ್ಲಿ ಬದುಕುವುದು ಹೇಗೆ? ಚಿಕ್ಕದಾಗಿರುವುದರಿಂದಲೇ ಎಂಬುದು ಉತ್ತರ. ಬೆಟ್ಟದ ನೆತ್ತಿಯ ಮೇಲೆ ಮನುಷ್ಯನ ಎದೆಯ ಎತ್ತರದಲ್ಲಿ ಬೀಸುವ ಗಾಳಿ, ನೆಲದಿಂದ ಎರಡು ಬೆರಳು ಎತ್ತರದಲ್ಲಿ ಬೀಸುವುದಿಲ್ಲ. ಕಲ್ಲು ಮತ್ತು ಹುಲ್ಲಿನ ಒರಟುತನ ಅದರ ವೇಗವನ್ನು ಮುರಿಯುತ್ತದೆ. ಬಿಸಿಲು ಬಿದ್ದ ಹೊತ್ತಿನಲ್ಲಿ ನೆಲ ಬೇಗ ಕಾಯುತ್ತದೆ. ನೆಲಕ್ಕೆ ಅಂಟಿಕೊಂಡ ಎಲೆಗೆ ಆ ಕಾವು ದೊರೆಯುತ್ತದೆ. ಒಂದೇ ಬೆಟ್ಟದಲ್ಲಿ ಎರಡು ಹವಾಮಾನಗಳಿವೆ; ಒಂದು ಚಾರಣಿಗನದು, ಇನ್ನೊಂದು ಈ ಹೂವಿನದು.

ಹಿಮವೂ ಅದಕ್ಕೆ ಕೇವಲ ಶತ್ರುವಲ್ಲ. ಹೊರಗಿನ ಗಾಳಿಯ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದಾಗಲೂ ದಪ್ಪನೆಯ ಹಿಮದ ಪದರದ ಕೆಳಗಿನ ನೆಲ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಹಿಮ ಅಲ್ಲಿ ಕಂಬಳಿಯ ಕೆಲಸ ಮಾಡುತ್ತದೆ. ಬೇಸಿಗೆ ಅಲ್ಲಿ ಬಲು ಚಿಕ್ಕದು. ಆದುದರಿಂದ ಎತ್ತರದ ಪರ್ವತಗಳ ಅನೇಕ ಸಸ್ಯಗಳು ಮುಂದಿನ ವರ್ಷದ ಮೊಗ್ಗನ್ನು ಹಿಂದಿನ ಬೇಸಿಗೆಯಲ್ಲೇ ಸಿದ್ಧಪಡಿಸಿಟ್ಟುಕೊಂಡು ಚಳಿಗಾಲಕ್ಕೆ ಕಾಯುತ್ತವೆ. ಹಿಮ ಸರಿದೊಡನೆ ಅರಳಲು ಅವು ಸಿದ್ಧ. ಪ್ರಿಮುಲಾಗಳ ಅವಸರದ ಅರಳುವಿಕೆಯ ಹಿಂದೆ ಇಂತಹ ದೀರ್ಘವಾದ ಪೂರ್ವಸಿದ್ಧತೆಯಿದೆ.

ಆದರೆ ಈ ಕುಲದ ನಿಜವಾದ ಗುಟ್ಟು ಹೂವಿನ ಗಂಟಲಿನೊಳಗಿದೆ. ಹೂವಿನಲ್ಲಿ ಕೇಸರ, ಪರಾಗಕೋಶ, ಶಲಾಕೆ, ಶಲಾಕಾಗ್ರ ಎಂಬ ಭಾಗಗಳಿರುವುದನ್ನು ಪ್ರೌಢಶಾಲೆಯ ಮಕ್ಕಳು ಬಲ್ಲರು. ಪ್ರಿಮುಲಾದ ಹೂಗಳನ್ನು ಸೀಳಿ ನೋಡಿದರೆ ಅವುಗಳಲ್ಲಿ ಎರಡು ಬಗೆ ಕಾಣುತ್ತವೆ. ಒಂದು ಬಗೆಯ ಹೂವಿನಲ್ಲಿ ಶಲಾಕೆ ಉದ್ದವಾಗಿ ಬೆಳೆದು, ಶಲಾಕಾಗ್ರವು ಕೊಳವೆಯ ಬಾಯಿಯಲ್ಲೇ ಗುಂಡುಸೂಜಿಯ ತಲೆಯಂತೆ ಕಾಣುತ್ತದೆ. ಪರಾಗಕೋಶಗಳು ಕೊಳವೆಯ ಒಳಗೆ ಕೆಳಗಡೆ ಅಡಗಿರುತ್ತವೆ. ಇನ್ನೊಂದು ಬಗೆಯಲ್ಲಿ ಎಲ್ಲವೂ ತಿರುವುಮುರುವು. ಪರಾಗಕೋಶಗಳು ಬಾಯಿಯಲ್ಲಿ, ಗಿಡ್ಡ ಶಲಾಕೆ ಒಳಗಡೆ. ಇಂಗ್ಲೆಂಡಿನ ತೋಟಗಾರರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಮೊದಲನೆಯದಕ್ಕೆ ಗುಂಡುಸೂಜಿಯ ಹೆಸರನ್ನೂ ಎರಡನೆಯದಕ್ಕೆ ಮಗ್ಗದಲ್ಲಿ ಬಟ್ಟೆ ಕತ್ತರಿಸಿದ ಮೇಲೆ ಉಳಿಯುವ ನೂಲಿನ ಕುಚ್ಚಿನ ಹೆಸರನ್ನೂ ಕೊಟ್ಟಿದ್ದರು. ಒಂದು ಗಿಡದಲ್ಲಿ ಒಂದೇ ಬಗೆಯ ಹೂವು. ಒಂದು ಬಯಲಿನಲ್ಲಿ ಹೆಚ್ಚುಕಡಿಮೆ ಅರ್ಧ ಈ ಬಗೆ, ಅರ್ಧ ಆ ಬಗೆ.

ಇದು ಏಕೆ ಹೀಗೆ ಎಂದು ಕೇಳಿದವನು ಚಾರ್ಲ್ಸ್ ಡಾರ್ವಿನ್. ತನ್ನ ಊರಿನ ಬಯಲುಗಳಲ್ಲಿ ಬೆಳೆಯುವ ಪ್ರಿಮುಲಾಗಳನ್ನು ಅವನು ಎಣಿಸಿದ, ಒಂದರ ಪರಾಗವನ್ನು ಇನ್ನೊಂದಕ್ಕೆ ಕೈಯಾರೆ ಮುಟ್ಟಿಸಿದ, ಬೀಜಗಳನ್ನು ಲೆಕ್ಕ ಹಾಕಿದ. 1861ರ ನವೆಂಬರಿನಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಈ ಕುರಿತ ಪ್ರಬಂಧ ಮಂಡನೆಯಾಗಿ, ಮರುವರ್ಷ ಅಚ್ಚಾಯಿತು. ಅವನು ಕಂಡುಕೊಂಡ ಸಂಗತಿ ಇದು. ಒಂದು ಬಗೆಯ ಹೂವಿನ ಪರಾಗ ಅದೇ ಬಗೆಯ ಹೂವಿಗೆ ಬಿದ್ದರೆ ಬೀಜ ಕಡಿಮೆ, ಅಥವಾ ಇಲ್ಲ. ಇನ್ನೊಂದು ಬಗೆಗೆ ಬಿದ್ದರೆ ಬೀಜ ಸಮೃದ್ಧಿ. ಹೂವಿನೊಳಗೆ ನಾಲಗೆ ಚಾಚುವ ಕೀಟಕ್ಕೆ ಒಂದು ಬಗೆಯ ಹೂವಿನಲ್ಲಿ ಪರಾಗ ಅಂಟಿಕೊಳ್ಳುವ ಜಾಗವೂ, ಮತ್ತೊಂದು ಬಗೆಯಲ್ಲಿ ಶಲಾಕಾಗ್ರ ತಾಗುವ ಜಾಗವೂ ಒಂದೇ. ಕೀಟದ ಮೈಯನ್ನೇ ಅಳತೆಗೋಲಾಗಿ ಬಳಸಿಕೊಂಡ ವ್ಯವಸ್ಥೆ ಇದು. ತನ್ನ ಸಣ್ಣಪುಟ್ಟ ಶೋಧನೆಗಳಲ್ಲಿ ತನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ ಎಂದು ಡಾರ್ವಿನ್ ಮುಪ್ಪಿನಲ್ಲಿ ಬರೆದುಕೊಂಡಿದ್ದಾನೆ. ಈ ಎರಡು ರೂಪಗಳನ್ನು ನಿರ್ಧರಿಸುವ ಜೀನುಗಳ ಪುಟ್ಟ ಗುಂಪನ್ನು ವಿಜ್ಞಾನಿಗಳು ಗುರುತಿಸಿ ಪ್ರಕಟಿಸಿದ್ದು 2016ರಲ್ಲಿ. ಡಾರ್ವಿನ್ನನ ಪ್ರಬಂಧಕ್ಕೂ ಅದಕ್ಕೂ ನಡುವೆ ಒಂದೂವರೆ ಶತಮಾನ ಕಳೆದಿತ್ತು.

ದೈತ್ಯಪರ್ವತದ ಕಿರುಹೂವಿನಲ್ಲೂ ಈ ಎರಡು ರೂಪಗಳಿವೆ. ಆದುದರಿಂದ ಅದನ್ನು ಕಾಪಾಡುವುದೆಂದರೆ ಕೆಲವು ಗಿಡಗಳನ್ನು ಉಳಿಸುವುದಷ್ಟೇ ಅಲ್ಲ. ಎರಡೂ ರೂಪಗಳು ಒಂದರ ನೆರೆಯಲ್ಲಿ ಇನ್ನೊಂದು, ಒಂದು ಕೀಟದ ಹಾರಾಟದ ದೂರದಲ್ಲಿ, ಸಾಕಷ್ಟು ಸಂಖ್ಯೆಯಲ್ಲಿ ಉಳಿಯಬೇಕು. ಒಂದು ರೂಪ ಮಾತ್ರ ಉಳಿದ ಜಾಗದಲ್ಲಿ ಹೂವು ಅರಳುತ್ತಲೇ ಇರಬಹುದು. ನೋಡುವವರಿಗೆ ಯಾವ ಕೊರತೆಯೂ ಕಾಣದು. ಬೀಜ ಮಾತ್ರ ಕಟ್ಟದು.

ಈ ಹೂವು ಆಲ್ಪ್ಸ್‌ನಿಂದ ಇಷ್ಟು ದೂರದ ಒಂಟಿ ಪರ್ವತಕ್ಕೆ ಬಂದದ್ದು ಹೇಗೆ? ಹಿಮಯುಗದಲ್ಲಿ ಉತ್ತರದ ಹಿಮಹಾಳೆ ಈ ಬೆಟ್ಟಗಳ ಬುಡದ ಸಮೀಪದವರೆಗೂ ಇಳಿದು ಬಂದಿತ್ತು. ದಕ್ಷಿಣದಲ್ಲಿ ಆಲ್ಪ್ಸ್ ಹಿಮದಿಂದ ಮುಚ್ಚಿತ್ತು. ನಡುವಿನ ತಗ್ಗು ನೆಲದಲ್ಲಿ ಮರಗಳು ವಿರಳ. ಚಳಿಗೆ ಒಗ್ಗಿದ ಗಿಡ್ಡ ಸಸ್ಯಗಳಿಗೆ ಅದು ವಿಶಾಲವಾದ ಬಯಲಾಯಿತು. ಸುಮಾರು 11,700 ವರ್ಷಗಳ ಹಿಂದೆ ಹಿಮಯುಗ ಮುಗಿದು ಭೂಮಿ ಬೆಚ್ಚಗಾದಾಗ ಕಾಡು ಮರಳಿ ಬಂದು ತಗ್ಗನ್ನೆಲ್ಲ ತುಂಬಿತು. ಚಳಿಯ ಸಸ್ಯಗಳು ಕಾಡಿನ ನೆರಳನ್ನು ತಾಳಲಾರದೆ ಬೆಟ್ಟ ಹತ್ತಿದವು. ಒಂದು ಕಾಲದ ವಿಶಾಲ ಬಯಲಿನ ನಿವಾಸಿಗಳು ಹೀಗೆ ಶಿಖರಗಳ ಮೇಲೆ ದ್ವೀಪವಾಸಿಗಳಾದವು. ದೈತ್ಯಪರ್ವತದಲ್ಲಿ ಕಾಡಿನ ಗೆರೆಯ ಮೇಲಿರುವ ಈ ದ್ವೀಪದ ವಿಸ್ತೀರ್ಣ ಎರಡೂ ದೇಶಗಳದು ಸೇರಿ ಸುಮಾರು 47 ಚದರ ಕಿಲೋಮೀಟರ್ ಮಾತ್ರ. ಚೆಕ್ ನಾಡಿನಲ್ಲಿ ಈ ಹೂವಿನ ಸಹಜ ನೆಲೆ ಇದೊಂದೇ.

ಹೂವು ಹೀಗೆ ಸಾವಿರಾರು ವರ್ಷ ಅಲುಗದೆ ನಿಂತಿತು. ಅದರ ಸುತ್ತಲಿನ ಮನುಷ್ಯರ ಗಡಿಗಳು ಹಾಗೆ ನಿಲ್ಲಲಿಲ್ಲ. 18ನೆಯ ಶತಮಾನದ ಮಧ್ಯದಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಆಸ್ಟ್ರಿಯದ ಮಾರಿಯಾ ತೆರೇಸಾಳಿಂದ ಸೈಲೀಸಿಯಾ ಪ್ರಾಂತವನ್ನು ಕಿತ್ತುಕೊಂಡಾಗ ಈ ಬೆಟ್ಟದ ಏಣು ಆಸ್ಟ್ರಿಯ ಮತ್ತು ಪ್ರಷ್ಯಗಳ ನಡುವಿನ ಗಡಿಯಾಯಿತು. 1918ರಲ್ಲಿ ದಕ್ಷಿಣದ ಇಳಿಜಾರು ಹೊಸದಾಗಿ ಹುಟ್ಟಿದ ಚೆಕೊಸ್ಲೊವಾಕಿಯಕ್ಕೆ ಸೇರಿತು. ಆದರೆ ಬೆಟ್ಟದ ಎರಡೂ ಮಗ್ಗುಲಿನ ಎತ್ತರದ ಹಳ್ಳಿಗಳಲ್ಲಿ ಕೇಳಿಬರುತ್ತಿದ್ದ ಮಾತು ಹೆಚ್ಚಾಗಿ ಜರ್ಮನ್ನಿನ ಒಂದು ಉಪಭಾಷೆಯೇ. ದಕ್ಷಿಣದ ತಪ್ಪಲಿನಲ್ಲಿ ಚೆಕ್ ಭಾಷಿಕರು ನೆಲೆಸಿದ್ದರು.

ಆ ಜರ್ಮನ್ ಭಾಷಿಕ ಹಳ್ಳಿಗರು ಈ ಕಿರುಹೂವಿಗೆ ಇಟ್ಟ ಹೆಸರು ಲಿನೇಯಸ್‌ನ ಹೆಸರಿಗಿಂತ ಬೇರೆ. ಅವರು ಅದನ್ನು ‘ಹಾಬ್‌ಮಿಶ್‌ಲೀಬ್’ ಎಂದು ಕರೆದರು. ಮೂರು ಮಾತುಗಳು ಸೇರಿ ಒಂದಾದ ಪದ ಅದು. ಕನ್ನಡದಲ್ಲಿ ಹೇಳುವುದಾದರೆ ‘ನನ್ನ ಮೇಲೆ ಪ್ರೀತಿಯಿರಲಿ’ ಎಂದಷ್ಟೇ ಅರ್ಥ. ನಮ್ಮ ಹಿರಿಯರು ಮನೆಯಿಂದ ಹೊರಡುವ ಅತಿಥಿಗೆ ಹೇಳುವ ಮಾತಿನಂತಿದೆ. ಚೆಕ್ ಭಾಷೆಯ ‘ಪ್ರ್ವೊಸೆಂಕಾ ನೆಯ್ಮೆನ್ಶೀ’ ಎಂಬ ಹೆಸರಿನಲ್ಲೂ ಪೋಲಿಷ್ ಭಾಷೆಯ ‘ಪಿಯೆರ್ವ್ಯೊಸ್ನೆಕ್ ಮಲೆಂಕಿ’ ಎಂಬ ಹೆಸರಿನಲ್ಲೂ ಲ್ಯಾಟಿನ್ನಿನಂತೆಯೇ ‘ಮೊದಲು’ ಮತ್ತು ‘ಚಿಕ್ಕದು’ ಎಂಬ ಎರಡು ಭಾವಗಳು ಅಡಗಿವೆ. ಅವು ಹೂವನ್ನು ವರ್ಣಿಸುವ ಹೆಸರುಗಳು. ಹಳ್ಳಿಗರ ಹೆಸರಿನಲ್ಲಿ ಮಾತ್ರ ಹೂವೇ ಮಾತನಾಡುತ್ತದೆ.

ಎರಡನೆಯ ಮಹಾಯುದ್ಧ ಈ ಬೆಟ್ಟದ ಜನಜೀವನವನ್ನು ಬುಡಮೇಲು ಮಾಡಿತು. 1938ರಲ್ಲಿ ಹಿಟ್ಲರನ ಜರ್ಮನಿ ಚೆಕೊಸ್ಲೊವಾಕಿಯದ ಗಡಿಪ್ರದೇಶಗಳನ್ನು ಕಬಳಿಸಿತು. ಮರುವರ್ಷ ಪೋಲೆಂಡಿನ ಮೇಲೆ ದಂಡೆತ್ತಿ ಹೋಯಿತು. ಚೆಕ್ ಜನರೂ ಪೋಲಿಷ್ ಜನರೂ, ಎಲ್ಲರಿಗಿಂತ ಹೆಚ್ಚಾಗಿ ಯಹೂದಿಗಳೂ, ಅನುಭವಿಸಿದ ಸಂಕಟ ಇತಿಹಾಸದಲ್ಲಿ ದಾಖಲಾಗಿದೆ. 1945ರಲ್ಲಿ ಯುದ್ಧ ಮುಗಿದ ಮೇಲೆ ಅದರ ಪ್ರತಿಫಲ ಗಡಿನಾಡಿನ ಸಾಮಾನ್ಯ ಜರ್ಮನ್ ಭಾಷಿಕರ ಮನೆಬಾಗಿಲಿಗೆ ಬಂತು. ಚೆಕೊಸ್ಲೊವಾಕಿಯದಿಂದ ಸುಮಾರು ಮೂವತ್ತು ಲಕ್ಷ ಜನ ಹೊರಹಾಕಲ್ಪಟ್ಟರು. ಬೆಟ್ಟದ ಉತ್ತರ ಭಾಗ ಪೋಲೆಂಡಿನ ಆಡಳಿತಕ್ಕೆ ಬಂದು, ಅಲ್ಲಿಯ ಜರ್ಮನ್ ಭಾಷಿಕರೂ ತೆರಳಬೇಕಾಯಿತು. ಅವರು ಬಿಟ್ಟುಹೋದ ಮನೆಗಳಿಗೆ ಬಂದವರಲ್ಲಿ ಅನೇಕರು, ಸೋವಿಯತ್ ಒಕ್ಕೂಟದ ಪಾಲಾದ ಪೂರ್ವ ಪೋಲೆಂಡಿನಲ್ಲಿ ತಮ್ಮ ಮನೆಗಳನ್ನೇ ಕಳೆದುಕೊಂಡವರು. ನಿರ್ವಸಿತರ ಮನೆಗೆ ನಿರ್ವಸಿತರೇ ವಾರಸುದಾರರಾದರು.

ಊರುಗಳ ಹೆಸರುಗಳು ಬದಲಾದವು. ಹಿರ್ಷ್‌ಬೆರ್ಗ್ ಎಂಬುದು ಯೆಲೆನಿಯಾ ಗುರಾ ಆಯಿತು. ಕ್ರುಮ್‌ಹ್ಯೂಬೆಲ್ ಎಂಬುದು ಕಾರ್ಪಾಚ್ ಆಯಿತು. ನೊಬೆಲ್ ಪ್ರಶಸ್ತಿ ಪಡೆದ ಜರ್ಮನ್ ನಾಟಕಕಾರ ಗೆರ್ಹಾರ್ಟ್ ಹೌಪ್ಟ್‌ಮನ್ ಈ ಬೆಟ್ಟದ ಮಡಿಲಿನ ಮನೆಯಲ್ಲಿ ಸುಮಾರು ಅರ್ಧ ಶತಮಾನ ಬಾಳಿದ್ದ. ಅವನು 1946ರ ಜೂನ್ 6ರಂದು ಅಲ್ಲಿಯೇ ತೀರಿಕೊಂಡ. ಆದರೆ ಅವನನ್ನು ಮಣ್ಣು ಮಾಡಿದ್ದು ಅಲ್ಲಲ್ಲ. ದೇಹವನ್ನು ರೈಲಿನಲ್ಲಿ ದೂರದ ಬಾಲ್ಟಿಕ್ ಸಮುದ್ರದ ಹಿಡೆನ್ಸೀ ದ್ವೀಪಕ್ಕೆ ಸಾಗಿಸಿ, ಜುಲೈ ಕೊನೆಯಲ್ಲಿ ಸಮಾಧಿ ಮಾಡಲಾಯಿತು. ಆ ಎರಡು ತಿಂಗಳುಗಳೇ ಬೆಟ್ಟದ ನೆತ್ತಿಯಲ್ಲಿ ಕಿರುಹೂವು ಅರಳುವ ತಿಂಗಳುಗಳು.

ಚೆಕೊಸ್ಲೊವಾಕಿಯದಿಂದ ರೈಲು ಹತ್ತಿದ ಕುಟುಂಬಗಳಿಗೆ ತಲೆಗೆ ಮೂವತ್ತರಿಂದ ಐವತ್ತು ಕಿಲೋ ಸಾಮಾನು ಒಯ್ಯಲು ಮಾತ್ರ ಅನುಮತಿಯಿತ್ತು. ಹಾಸಿಗೆ, ಪಾತ್ರೆ, ಬಟ್ಟೆ ಎಲ್ಲಕ್ಕೂ ತೂಕವಿದೆ. ಹೆಸರಿಗೆ ತೂಕವಿಲ್ಲ. ಅದನ್ನು ಯಾವ ಅಧಿಕಾರಿಯೂ ತಕ್ಕಡಿಯಲ್ಲಿ ಇಡಲಾರ. ‘ಹಾಬ್‌ಮಿಶ್‌ಲೀಬ್’ ಎಂಬ ಮಾತು ಹೀಗೆ ಜನರೊಂದಿಗೆ ಬೆಟ್ಟ ಇಳಿದು ಹೋಯಿತು. ಹೂವು ಬೆಟ್ಟದಲ್ಲೇ ಉಳಿಯಿತು. ಬವೇರಿಯದಲ್ಲಿ ಮತ್ತು ಇತರೆಡೆಗಳಲ್ಲಿ ನೆಲೆಸಿದ ಆ ಜನರು ತಮ್ಮವರಿಗಾಗಿ ಚಿಕ್ಕ ಪತ್ರಿಕೆಗಳನ್ನು ಹೊರಡಿಸಿದರು. ಮಾರ್ಕ್ಟೋಬರ್‌ಡಾರ್ಫ್ ಎಂಬ ಊರಿನಲ್ಲಿ ದೈತ್ಯಪರ್ವತದ ನೆನಪಿಗಾಗಿ ಒಂದು ವಸ್ತುಸಂಗ್ರಹಾಲಯವನ್ನೂ ಕಟ್ಟಿದರು. ಆದರೆ ಅವರ ಮಕ್ಕಳು ಹೊಸ ಊರಿನ ಶಾಲೆಗೆ ಹೋದರು, ಹೊಸ ಊರಿನ ಮಾತನ್ನು ಆಡಿದರು. ಮೊಮ್ಮಕ್ಕಳಿಗೆ ಬೆಟ್ಟದ ಉಪಭಾಷೆ ಅಜ್ಜಿಯ ಮಾತಾಯಿತು. ಯಾರೂ ಅದನ್ನು ನಿಷೇಧಿಸಲಿಲ್ಲ. ಅದನ್ನು ದಿನವೂ ಆಡುವುದಕ್ಕೆ ಒಂದು ಊರು ಇರಲಿಲ್ಲ, ಅಷ್ಟೇ.

ಇತ್ತ ಬೆಟ್ಟದಲ್ಲಿ ಹೂವಿನ ರಕ್ಷಣೆಗೆ ಕಾನೂನು ಬಂತು. ಪೋಲೆಂಡ್ ತನ್ನ ಭಾಗವನ್ನು 1959ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು, ಚೆಕೊಸ್ಲೊವಾಕಿಯ 1963ರಲ್ಲಿ. 1992ರಲ್ಲಿ ಯುನೆಸ್ಕೊ ಎರಡನ್ನೂ ಸೇರಿಸಿ, ಎರಡು ದೇಶಗಳಿಗೆ ಸಾಮಾನ್ಯವಾದ ಒಂದೇ ಜೀವಗೋಲ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು. ಇಂದು ಬೆಟ್ಟದ ಎರಡೂ ಮಗ್ಗುಲಲ್ಲಿ ಕಿರುಹೂವು ಕಾನೂನಿನ ರಕ್ಷಣೆಯಲ್ಲಿದೆ. ಅದನ್ನು ಕೀಳುವುದು ಅಪರಾಧ. ಕಾನೂನಿನ ಪಟ್ಟಿಯಲ್ಲಿ ಅದರ ಹೆಸರು ಲ್ಯಾಟಿನ್ನಿನಲ್ಲೂ ಇದೆ. ಲ್ಯಾಟಿನ್ ಇಂದು ಯಾರ ಮನೆಯ ಮಾತೂ ಅಲ್ಲ. ಅದಕ್ಕಾಗಿಯೇ ಅದು ಎರಡು ದೇಶದ ಕಚೇರಿಗಳಿಗೂ ಸಮಾನವಾಗಿ ಸಲ್ಲುತ್ತದೆ. ಎರಡು ಭಾಷೆಯ ಅಧಿಕಾರಿಗಳು ಒಂದೇ ಗಿಡದ ಬಗ್ಗೆ ಮಾತನಾಡುತ್ತಿದ್ದಾರೆಂಬ ಖಾತರಿ ಅದರಿಂದ ದೊರೆಯುತ್ತದೆ.

ಗಡಿಯ ಏಣಿನ ಮೇಲೆಯೇ ಎರಡು ದೇಶಗಳ ಸ್ನೇಹದ ಹೆಸರಿನ ಕಾಲುದಾರಿಯೊಂದಿದೆ. ಸರ್ಕಾರಗಳು ಇಟ್ಟ ಆ ಹೆಸರಿಗೆ ನಿಜವಾದ ಅರ್ಥ ಬಂದದ್ದು 1978ರ ಬೇಸಿಗೆಯಲ್ಲಿ. ಅಂದು ಎರಡೂ ದೇಶಗಳ ಸರ್ವಾಧಿಕಾರವನ್ನು ವಿರೋಧಿಸುತ್ತಿದ್ದ ವಾಕ್ಲಾವ್ ಹಾವೆಲ್, ಆಡಮ್ ಮಿಖ್ನಿಕ್ ಮೊದಲಾದವರು ಚಾರಣಿಗರಂತೆ ಬಂದು ಅಲ್ಲಿ ಭೇಟಿಯಾದರು. ಈಗ ಅಲ್ಲಿ ತಡೆಯುವವರಿಲ್ಲ. 2007ರ ಡಿಸೆಂಬರಿನಿಂದ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಆದರೆ ತಡೆಯಿಲ್ಲದ ದಾರಿಯಲ್ಲಿ ಪಾದಗಳು ಹೆಚ್ಚಾದವು. ನಾಲ್ಕು ಸೆಂಟಿಮೀಟರಿನ ಗಿಡಕ್ಕೆ ದಾರಿ ಬಿಟ್ಟು ಇಳಿಯುವ ಒಂದು ಪಾದವೂ ಭಾರವೇ. ಅಷ್ಟು ಎತ್ತರದಲ್ಲಿ ತುಳಿದ ನೆಲ ಮತ್ತೆ ಹಸಿರಾಗಲು ವರ್ಷಗಳು ಬೇಕು.

ಅಪಾಯಗಳೆಲ್ಲ ದುರುದ್ದೇಶದಿಂದಲೇ ಬಂದವಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕಾಲುದಾರಿಗಳನ್ನು ಗಟ್ಟಿ ಮಾಡಲೆಂದು ಹೊರಗಿನಿಂದ ಸುಣ್ಣಕಲ್ಲಿನ ಜಲ್ಲಿಯನ್ನು ತಂದು ಹಾಸಲಾಯಿತು. ದೈತ್ಯಪರ್ವತದ ನೆತ್ತಿ ಗ್ರಾನೈಟ್ ಮತ್ತು ಅಭ್ರಕದ ಪದರಗಲ್ಲಿನದು. ಅಲ್ಲಿಯ ಮಣ್ಣು ಆಮ್ಲೀಯ. ಕಿರುಹೂವು ಒಗ್ಗಿರುವುದು ಆ ಆಮ್ಲೀಯತೆಗೆ. ಮಳೆನೀರಿನೊಂದಿಗೆ ಸುಣ್ಣ ಕರಗಿ ದಾರಿಯ ಅಂಚಿನ ಮಣ್ಣನ್ನು ಬದಲಿಸಿತು. ತಪ್ಪಲಿನ ಕಳೆಗಳು ದಾರಿ ಹಿಡಿದು ಬೆಟ್ಟ ಹತ್ತಿದವು. ಉದ್ಯಾನದವರು ಮುಂದೆ ಆ ಜಲ್ಲಿಯನ್ನು ತೆಗೆದು ಸ್ಥಳೀಯ ಕಲ್ಲನ್ನು ಹಾಸುವ ಕೆಲಸಕ್ಕೆ ಕೈಹಾಕಬೇಕಾಯಿತು. ಹಾಗೆಯೇ, ಹಿಂದಿನವರು ಮೇವಿಗಾಗಿ ಕಡಿದಿದ್ದ ಕುರುಚಲು ಪೈನನ್ನು ಮರಳಿ ಬೆಳೆಸುವ ಉತ್ಸಾಹದಲ್ಲಿ 19ನೆಯ ಶತಮಾನದ ಅಂತ್ಯದಿಂದ 20ನೆಯ ಶತಮಾನದ ಕೊನೆಯವರೆಗೆ ಹಂತಹಂತವಾಗಿ ಸಸಿಗಳನ್ನು ನೆಡಲಾಯಿತು. ಕೆಲವೆಡೆ ಅವು ಹಿಂದೆಂದೂ ಇಲ್ಲದಷ್ಟು ದಟ್ಟವಾಗಿ ಬೆಳೆದು, ತೆರೆದ ಬಯಲಿನ ಸಸ್ಯಗಳ ಮೇಲೆ ನೆರಳು ಚೆಲ್ಲಿದವು. ಗಿಡ ನೆಡುವುದು ಎಲ್ಲೆಡೆಯೂ ಪುಣ್ಯಕಾರ್ಯವಲ್ಲ; ನೆಟ್ಟದ್ದು ಯಾವ ಗಿಡ, ಯಾವ ನೆಲದಲ್ಲಿ ಎಂದು ಕೇಳಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯಕ್ಕೆ ಯಾವ ಉದ್ಯಾನದ ಬೇಲಿಯೂ ಅಡ್ಡಿಯಲ್ಲ. ಭೂಮಿ ಬಿಸಿಯಾದಂತೆ ಕಾಡಿನ ಗೆರೆ ಮೇಲೇರುತ್ತದೆ. ಆಲ್ಪ್ಸ್‌ನಲ್ಲಿರುವ ಕಿರುಹೂವಿಗೆ ಇನ್ನೂ ಸಾವಿರ ಮೀಟರ್ ಏರುವ ಅವಕಾಶವುಂಟು. ದೈತ್ಯಪರ್ವತದಲ್ಲಿ 1603 ಮೀಟರಿಗೆ ಬೆಟ್ಟವೇ ಮುಗಿಯುತ್ತದೆ. ಹಿಮಯುಗದ ಕೊನೆಯಲ್ಲಿ ಕಾಡಿನಿಂದ ತಪ್ಪಿಸಿಕೊಂಡು ಮೇಲೆ ಹತ್ತಿದ ಗಿಡಕ್ಕೆ ಇನ್ನೊಮ್ಮೆ ಹತ್ತಲು ಜಾಗವಿಲ್ಲ.

ಕಾನೂನು ಮಾಡಬಲ್ಲದ್ದೆಷ್ಟು, ಮಾಡಲಾರದ್ದೆಷ್ಟು ಎಂಬುದನ್ನು ಈ ಹೂವಿನ ಕಥೆ ಸ್ಪಷ್ಟವಾಗಿ ತೋರಿಸುತ್ತದೆ. ಗಿಡಕ್ಕೆ ರಾಷ್ಟ್ರೀಯ ಉದ್ಯಾನ ದೊರೆಯಿತು. ದಾರಿ ಬಿಡಬೇಡಿ ಎಂಬ ಫಲಕ ದೊರೆಯಿತು. ಎರಡು ಸರ್ಕಾರಗಳ ಕಾವಲು ದೊರೆಯಿತು. ‘ನನ್ನ ಮೇಲೆ ಪ್ರೀತಿಯಿರಲಿ’ ಎಂದು ಆ ಗಿಡವನ್ನು ಕರೆದ ಮಾತಿಗೆ ಮಾತ್ರ ಯಾವ ಪಟ್ಟಿಯಲ್ಲೂ ಸ್ಥಾನವಿಲ್ಲ. ಗಿಡವನ್ನು ಉಳಿಸಲು ಅದನ್ನು ಮುಟ್ಟದೆ ಬಿಟ್ಟರೆ ಸಾಕು. ಮಾತಿನ ವಿಷಯದಲ್ಲಿ ಇದು ತಿರುವುಮುರುವು. ಮುಟ್ಟದೆ ಬಿಟ್ಟ ಮಾತು ಒಣಗುತ್ತದೆ.

ಗಡಿಯ ಆಚೆಗೆ ಉಳಿದ ಕನ್ನಡಿಗರ ಪತ್ರಿಕೆಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಗಡಿ ಬದಲಾದಾಗ ಜನರನ್ನು ರೈಲಿಗೆ ಹತ್ತಿಸಲಿಲ್ಲ. ಜನ ತಮ್ಮ ಮನೆಗಳಲ್ಲೇ ಉಳಿದರು. ದೈತ್ಯಪರ್ವತದವರಿಗೆ ಇಲ್ಲದ ಭಾಗ್ಯವಿದು. ಭಾಷಾವಾರು ಪ್ರಾಂತಗಳು ರೂಪುಗೊಂಡ 1956ರಲ್ಲೇ, ಏಳನೆಯ ತಿದ್ದುಪಡಿಯ ಮೂಲಕ, ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದಕ್ಕೂ ಮೊದಲೇ 29ನೆಯ ವಿಧಿ ತಮ್ಮ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ಪ್ರಜೆಗಳಿಗೆ ನೀಡಿತ್ತು. ಇವು ಸಣ್ಣ ರಕ್ಷಣೆಗಳಲ್ಲ. ಆದರೆ ವಿಧಿಯ ಪದಗಳನ್ನು ನಿಧಾನವಾಗಿ ಓದಿದರೆ, ರಾಜ್ಯದ ಹೊಣೆ ಸೌಲಭ್ಯಕ್ಕಾಗಿ ಪ್ರಯತ್ನಿಸುವುದು. ಪ್ರಜೆಯ ಹಕ್ಕು ಉಳಿಸಿಕೊಳ್ಳುವುದು. ಸೌಲಭ್ಯ ಕೇಳದವರಿಗೆ ಪ್ರಯತ್ನ ನಡೆಯದು. ಬಳಸದ ಹಕ್ಕು ಕಾಗದದಲ್ಲಿ ಮಾತ್ರ ಹಸಿರು. ಮಗುವನ್ನು ಕನ್ನಡ ಶಾಲೆಯ ಬೆಂಚಿನ ಮೇಲೆ ಕೂರಿಸುವುದು, ಸಂಜೆ ಮನೆಗೆ ಬಂದ ಮೇಲೆ ಅದರೊಂದಿಗೆ ಕನ್ನಡದಲ್ಲಿ ಮಾತನಾಡುವುದು ಯಾವ ವಿಧಿಯ ವ್ಯಾಪ್ತಿಗೂ ಬರುವುದಿಲ್ಲ.

ದೈತ್ಯಪರ್ವತದ ನೆತ್ತಿಯಲ್ಲಿ ಮುಂದಿನ ಜೂನ್‌ನಲ್ಲೂ ಕಿರುಹೂವು ಅರಳುವುದು. ಗುಂಡುಸೂಜಿಯ ಬಗೆಯೂ ನೂಲಿನ ಕುಚ್ಚಿನ ಬಗೆಯೂ ಅಕ್ಕಪಕ್ಕದಲ್ಲಿ ನಿಂತು ಕೀಟದ ದಾರಿ ಕಾಯುವುವು. ಚೆಕ್ ಮಗು ತನ್ನ ಭಾಷೆಯಲ್ಲಿ, ಪೋಲಿಷ್ ಮಗು ತನ್ನ ಭಾಷೆಯಲ್ಲಿ ಅದರ ಹೆಸರು ಹೇಳುವುದು. ಎರಡೂ ಸುಂದರವಾದ ಹೆಸರುಗಳೇ. ಮೂರನೆಯ ಹೆಸರನ್ನು ಅಲ್ಲಿ ಹೇಳುವವರು ಈಗ ಹೆಚ್ಚಾಗಿ ಪ್ರವಾಸಿಗಳಾಗಿ ಬರುವವರು. ಎಂದಾದರೂ ಅವರಲ್ಲಿ ಒಬ್ಬ ಮುದುಕಿ ದಾರಿಯಂಚಿನಲ್ಲಿ ಮಂಡಿಯೂರಿ, ಚಿಕ್ಕಂದಿನಲ್ಲಿ ಕೇಳಿದ್ದ ಆ ಮೂರು ಮಾತುಗಳ ಹೆಸರನ್ನು ಜೊತೆಯಲ್ಲಿ ಬಂದ ಮೊಮ್ಮಗುವಿಗೆ ಹೇಳಿಕೊಟ್ಟರೆ, ಅಷ್ಟು ಹೊತ್ತಿನ ಮಟ್ಟಿಗೆ ಹೆಸರು ತನ್ನ ಹೂವನ್ನು ಕೂಡಿಕೊಂಡಂತಾಗುವುದು.